ಹಳದಿ ಎಲೆಯನ್ನು ಕಿತ್ತು ತರಬೇಡಿ

ಮನೆಯೊಳಗಿನ ಕುಂಡದ ಗಿಡ ಹಳದಿಯಾಗುತ್ತಿದೆ ಎಂದು ಸಲಹೆ ಕೇಳಲು ಬರುವವರಲ್ಲಿ ಹೆಚ್ಚಿನವರು ಒಂದೇ ಒಂದು ಎಲೆಯನ್ನು ಕಿತ್ತು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬರುತ್ತಾರೆ. ಬರಲಾಗದವರು ಅಂಗೈ ಮೇಲಿಟ್ಟ ಎಲೆಯ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳುಹಿಸುತ್ತಾರೆ. ಯಾವ ಗೊಬ್ಬರ ಹಾಕಲಿ ಎಂಬುದೇ ಎಲ್ಲರ ಪ್ರಶ್ನೆ. ಈ ಎಲೆ ಗಿಡದ ಬುಡದಲ್ಲಿತ್ತೋ ಸುಳಿಯಲ್ಲಿತ್ತೋ ಎಂದು ಕೇಳಿದರೆ ನೆನಪಿಲ್ಲ ಎನ್ನುತ್ತಾರೆ. ನನಗೆ ಬೇಕಿದ್ದ ಮಾಹಿತಿಯನ್ನು ಅವರು ಎಲೆ ಕೀಳುವಾಗಲೇ ಕಳೆದುಕೊಂಡಿರುತ್ತಾರೆ.

ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಜಾಗ ಬದಲಿಸಬಲ್ಲವು. ಕೊರತೆಯಾದಾಗ ಗಿಡ ಅವುಗಳನ್ನು ಹಳೆಯ ಎಲೆಯಿಂದ ಹಿಂತೆಗೆದು ಚಿಗುರಿಗೆ ಕಳುಹಿಸುತ್ತದೆ. ಆದ್ದರಿಂದ ಮೊದಲು ಹಳದಿಯಾಗುವುದು ಬುಡದ ಎಲೆ. ಕಬ್ಬಿಣ ಹಾಗಲ್ಲ. ಒಮ್ಮೆ ಎಲೆ ಸೇರಿದ ಮೇಲೆ ಅದು ಬಹುಮಟ್ಟಿಗೆ ಅಲ್ಲೇ ಉಳಿಯುವುದರಿಂದ, ಅದರ ಕೊರತೆ ಹೊಸದಾಗಿ ಬಿಚ್ಚಿಕೊಳ್ಳುವ ಎಲೆಯಲ್ಲಿ ಕಾಣಿಸುತ್ತದೆ. ಮನಿ ಪ್ಲಾಂಟಿನ ಒಂದು ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿ. ಬುಡದ ಎಲೆಗಳು ಇಡಿಯಾಗಿ ಮಂಕಾಗಿದ್ದರೆ ಸಾರಜನಕದ ಕಡೆಗೂ, ಅಂಚು ಸುಟ್ಟಂತಾಗಿದ್ದರೆ ಪೊಟ್ಯಾಷ್ ಕಡೆಗೂ ನನ್ನ ಅನುಮಾನ ಹೋಗುತ್ತದೆ. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗುವುದು ಮೆಗ್ನೀಷಿಯಂ ಕೊರತೆಯಲ್ಲೂ ಉಂಟು, ಕಬ್ಬಿಣದ ಕೊರತೆಯಲ್ಲೂ ಉಂಟು. ಬುಡದಲ್ಲಿದ್ದರೆ ಮೊದಲನೆಯದು, ಸುಳಿಯಲ್ಲಿದ್ದರೆ ಎರಡನೆಯದು. ಚೀಲದಲ್ಲಿ ಬಂದ ಎಲೆಯನ್ನು ನೋಡಿ ಇವೆರಡನ್ನು ಬೇರ್ಪಡಿಸುವುದು ನನಗೂ ಕಷ್ಟ. ಇದನ್ನು ಬಲ್ಲೆನೆಂದು ಮೆಗ್ನೀಷಿಯಂ ಒದಗಿಸುವ ಎಪ್ಸಂ ಉಪ್ಪನ್ನು ಬರೆದುಕೊಡುವವರನ್ನು ನಂಬಬೇಡಿ.

ನಿವೃತ್ತ ಶಿಕ್ಷಕಿಯೊಬ್ಬರ ಆಂಥೂರಿಯಂ ನೆನಪಾಗುತ್ತದೆ. ಸುಳಿ ಎಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಹಸಿರು ನರಗಳು ಬಲೆಯಂತೆ ಎದ್ದು ಕಾಣುತ್ತಿದ್ದವು. ಯಾರೋ ಹೇಳಿದರೆಂದು ಅವರು ಕೆಂಪು ಮಣ್ಣು ತುಂಬಿದ ಆ ಕುಂಡದಲ್ಲಿ ಗಿಡದ ಸುತ್ತ ತುಕ್ಕು ಹಿಡಿದ ಆರು ಮೊಳೆಗಳನ್ನು ಚುಚ್ಚಿದ್ದರು. ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ ತುಕ್ಕಿನದು. ಅಲ್ಲಿ ಕೊರತೆಯಿದ್ದದ್ದು ಕಬ್ಬಿಣಕ್ಕಲ್ಲ, ಅದನ್ನು ಬೇರು ಹೀರಿಕೊಳ್ಳುವ ಸ್ಥಿತಿಗೆ. ಬೆಂಗಳೂರಿನ ಅನೇಕ ಬಡಾವಣೆಗಳಂತೆ ಅವರ ಮನೆಗೂ ಗಡಸಾದ ಕೊಳವೆಬಾವಿ ನೀರು ಬರುತ್ತಿತ್ತು. ಅದರ ಬೈಕಾರ್ಬೊನೇಟ್ ತಿಂಗಳುಗಟ್ಟಲೆ ಕುಂಡದಲ್ಲಿ ಸೇರಿ ಮಣ್ಣಿನ ರಸಸಾರ (ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ) 7ನ್ನು ದಾಟಿದರೆ ಕಬ್ಬಿಣ ಕರಗುವುದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಮಳೆನೀರು ಹಿಡಿದಿಟ್ಟು ಹಾಕಲು ಹೇಳಿ, ಕ್ಷಾರ ಮಣ್ಣಿನಲ್ಲೂ ಕೆಲಸ ಮಾಡುವ ಇಡಿಡಿಎಚ್‌ಎ (ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಡುವ ರಾಸಾಯನಿಕ) ರೂಪದ ಕಬ್ಬಿಣವನ್ನು ಸ್ವಲ್ಪವೇ ಕೊಡಿಸಿದೆ. ಅಗ್ಗದ ಇಡಿಟಿಎ ರೂಪ ಅಂಥ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಹಳದಿಯಾಗಿದ್ದ ಎಲೆಗಳು ಪೂರ್ತಿ ಚೇತರಿಸಿಕೊಳ್ಳಲಿಲ್ಲ, ಆದರೆ ನಂತರ ಬಿಚ್ಚಿದ ಎಲೆ ಹಸಿರಾಗಿತ್ತು. ಆ ದಿನ ಅವರು ಫೋನಿನಲ್ಲಿ ಮಾತಾಡಿದ ಸಂತೋಷ ನನಗೆ ಈಗಲೂ ಕೇಳಿಸುತ್ತದೆ.

ಇಷ್ಟು ಹೇಳಿದರೂ, ನಾನು ನೋಡುವ ಹಳದಿ ಗಿಡಗಳಲ್ಲಿ ಬಹುಪಾಲಿನವಕ್ಕೆ ಪೋಷಕಾಂಶದ ಕೊರತೆಯೇ ಇರುವುದಿಲ್ಲ. ನೀರು ಬಸಿಯದೆ ಬೇರು ಉಸಿರುಗಟ್ಟಿರುತ್ತದೆ. ತೂತಿಲ್ಲದ ಪಿಂಗಾಣಿ ಕುಂಡದಲ್ಲಿರುವ ಪೀಸ್ ಲಿಲಿ ಬಾಡಿದ್ದನ್ನು ಕಂಡು ಮತ್ತೆ ನೀರು ಹಾಕುವವರು, ಮೊದಲು ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ ನೋಡಬೇಕು. ಒಳಗೆ ಒದ್ದೆಯಿದ್ದು ಹುಳಿ ವಾಸನೆ ಬಂದರೆ ಗಿಡವನ್ನು ಕುಂಡದಿಂದ ಮೆಲ್ಲನೆ ಹೊರತೆಗೆಯಿರಿ; ಆರೋಗ್ಯದ ಬೇರು ಬಿಳಿಯಾಗಿ ಗಟ್ಟಿಯಾಗಿರುತ್ತದೆ, ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿದ್ದು, ಎಳೆದರೆ ಸಿಪ್ಪೆ ಕಳಚಿ ಕೈಗೆ ಬರುತ್ತದೆ. ಅಂಥ ಬೇರಿಗೆ ಗೊಬ್ಬರ ಕೊಟ್ಟರೆ ಉಳಿದಿರುವ ನಾಲ್ಕು ಬೇರಿನ ಎಳೆಗಳೂ ಗೊಬ್ಬರದ ಉಪ್ಪಿಗೆ ಸುಡುತ್ತವೆ. ಅರೇಕಾ ಪಾಮ್‌ನ ಬುಡದ ಒಂದು ಗರಿ ಆಗಾಗ ಹಳದಿಯಾದರೆ ಅದು ವಯಸ್ಸಿನದು, ಬಿಟ್ಟುಬಿಡಿ.

ಎರಡು ತೊಂದರೆಗಳು ಒಟ್ಟಿಗೆ ಬರುವುದುಂಟಾದ್ದರಿಂದ ಚಿತ್ರ ನೋಡಿ ಖಚಿತವಾಗಿ ಹೇಳಲು ನಾನು ಹಿಂಜರಿಯುತ್ತೇನೆ. ಆದರೂ ಕಳುಹಿಸುವುದಾದರೆ ಎಲೆಯನ್ನು ಗಿಡದಲ್ಲೇ ಬಿಟ್ಟು, ಬುಡದಿಂದ ಸುಳಿಯವರೆಗೆ ಇಡೀ ಗಿಡ ಕಾಣುವ ಒಂದು ಚಿತ್ರ ಮತ್ತು ಕುಂಡವನ್ನೆತ್ತಿ ತೆಗೆದ ಅದರ ತಳದ ಇನ್ನೊಂದು ಚಿತ್ರ ಕಳುಹಿಸಿ. ಹಾಕುತ್ತಿರುವುದು ಕಾವೇರಿ ನೀರೋ ಕೊಳವೆಬಾವಿಯದೋ ಎಂಬುದನ್ನೂ ಬರೆಯಿರಿ.