ಕಾರ್ಡ್ ಹೊಸದು, ಕಂಪ್ಯೂಟರ್ ಯಾರ ಪೈಕಿ?

2019ರ ಮಳೆಗಾಲ. ಬೆಳಗಾವಿಯವರಿಗೆ ಆ ಮಳೆ ಬಗ್ಗೆ ಹೇಳೋದೇ ಬೇಡ. ಶಹಾಪುರದ ಸ್ಟುಡಿಯೋ ಮಾಲೀಕರೊಬ್ಬರು ಒದ್ದೆ ಛತ್ರಿ ಹಿಡಿದುಕೊಂಡೇ ನನ್ನ ಅಂಗಡಿಗೆ ಬಂದರು. ಮದುವೆ ವಿಡಿಯೋ ಎಡಿಟಿಂಗ್ ಅವರ ಕಸುಬು. "ಸರ, ರೊಕ್ಕಾ ಹಾಕಿ ದೊಡ್ಡ ಕಾರ್ಡ್ ಕೂಡ್ಸೇನ್ರಿ. ಆದ್ರೂ ಹೊಸಾ ಓಎಸ್ ಒಲ್ಲೆ ಅಂತೈತ್ರಿ" ಎಂದರು.

ಅದು ಆ್ಯಪಲ್‌ನ 2010ರ ಮ್ಯಾಕ್ ಪ್ರೋ, ಪುಣೆಯಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು. ಒಬ್ಬರೇ ಎತ್ತಿದರೆ ಸೊಂಟ ಹಿಡಿಯುತ್ತೆ. ಒಳಗೆ ಎನ್ವಿಡಿಯಾ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. ಹೈ ಸಿಯೆರಾ ಎಂಬ ಹಳೇ ಓಎಸ್ (ಆಪರೇಟಿಂಗ್ ಸಿಸ್ಟಂ) ಇರುವವರೆಗೆ ಚೆನ್ನಾಗಿಯೇ ಓಡುತ್ತಿತ್ತು, ಏಕೆಂದರೆ ಅದಕ್ಕೆ ಎನ್ವಿಡಿಯಾದವರೇ ಪ್ರತ್ಯೇಕ ಡ್ರೈವರ್, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್, ಕೊಡುತ್ತಿದ್ದರು. 2018ರಲ್ಲಿ ಮೊಹಾವಿ ಎಂಬ ಹೊಸ ಓಎಸ್ ಬಂತು. ಅದಕ್ಕೆ ಆ ಡ್ರೈವರ್ ಬರಲೇ ಇಲ್ಲ. ಕಾರ್ಡೂ ಕೆಟ್ಟಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ. ಇಬ್ಬರನ್ನು ಮಾತಾಡಿಸೋರು ಇಲ್ಲ, ಅಷ್ಟೇ. ಡ್ರೈವರ್ ಇಲ್ಲದ ಕಾರ್ಡ್‌ನಲ್ಲಿ ಚಿತ್ರವೇನೋ ಮೂಡಬಹುದು. ಆದರೆ ಒಂದು ವಿಂಡೋ ಎಳೆದರೂ ಅದು ಎತ್ತಿನಗಾಡಿ ಹಾಗೆ ಬರುತ್ತೆ.

ವಿಚಿತ್ರ ಏನೆಂದರೆ, ಅದೇ ಹಳೇ ಯಂತ್ರಕ್ಕೆ ಮೊಹಾವಿ ಹಾಕಲು ಆ್ಯಪಲ್‌ನ ಒಪ್ಪಿಗೆ ಇತ್ತು. ಒಂದೇ ಷರತ್ತು: ಕಾರ್ಡ್‌ಗೆ ಮೆಟಲ್ ಬರಬೇಕು. ಆ್ಯಪಲ್‌ನ ಗ್ರಾಫಿಕ್ಸ್ ವ್ಯವಸ್ಥೆಗೆ ಆ ಹೆಸರು. ಯಾವ ಕಾರ್ಡ್ ಆಗುತ್ತೆ ಅಂತ ಅವರೇ ಪಟ್ಟಿ ಕೊಟ್ಟರು. ಅದರಲ್ಲಿ ಸಫೈರ್ ಕಂಪನಿಯ ಪಲ್ಸ್ ಆರ್‌ಎಕ್ಸ್ 580 ಇತ್ತು, ಅಂದರೆ ಹೊರಗಿನವರ ಕಾರ್ಡೇ. ನಾವು ಅದನ್ನೇ ತರಿಸಿದೆವು.

ಕೂಡಿಸುವಾಗ ಕರೆಂಟ್ ಲೆಕ್ಕ ಹಾಕಬೇಕು. ಆ ಮ್ಯಾಕ್‌ನ ಬೋರ್ಡ್ ಮೇಲೆ ಆರು ಪಿನ್ನಿನ ಎರಡು ಚಿಕ್ಕ ಕನೆಕ್ಟರ್ ಇವೆ, ಒಂದೊಂದರಿಂದ 75 ವ್ಯಾಟ್. ಸ್ಲಾಟ್‌ನಿಂದ ಇನ್ನೊಂದು 75. ಆ ಎರಡು ಕನೆಕ್ಟರ್ ಸೇರಿಸಿ ಎಂಟು ಪಿನ್ ಮಾಡುವ ಕೇಬಲ್ ಬೇರೆ ತರಿಸಬೇಕು. ಓಎಸ್‌ಗಿಂತ ಮೊದಲು ಫರ್ಮ್‌ವೇರ್, ಅಂದರೆ ಬೋರ್ಡ್‌ನೊಳಗೇ ಇರುವ ಮೂಲ ಸಾಫ್ಟ್‌ವೇರ್, ಏರಿಸಬೇಕು. ಅದಕ್ಕೆ ಪವರ್ ಬಟನ್ ಒತ್ತಿ ಹಿಡಿದು, ದೀಪ ಮಿನುಗುವವರೆಗೆ ಬೆರಳು ತೆಗೆಯಬಾರದು. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋದೀತು. ಹೊರಗೆ ಆ ಮಳೆ. ಯುಪಿಎಸ್ ಬ್ಯಾಟರಿ ಎರಡು ಸಲ ನೋಡಿಕೊಂಡೇ ಕೈ ಹಾಕಿದೆ.

ಎಲ್ಲ ಮುಗಿಸಿ ಆನ್ ಮಾಡಿದರೆ ಪರದೆ ಕಪ್ಪು. ಡಬ್ಬಿ ಬಿಚ್ಚಿದ ಹೊಸ ಕಾರ್ಡೇ ಸತ್ತಿದೆ ಅಂದುಕೊಂಡು ಮತ್ತೆ ಕಳಚಿದೆ, ಮತ್ತೆ ಕೂಡಿಸಿದೆ. ಕಾರ್ಡ್ ಮಾರಿದ ಅಂಗಡಿಯವನಿಗೆ ಫೋನ್ ಮಾಡಿ ನಾಲ್ಕು ಮಾತು ಅಂದೂ ಆಯಿತು. ಆಮೇಲೆ ನೆನಪಾಯಿತು: ಮ್ಯಾಕ್‌ಗೆಂದೇ ಮಾಡಿರದ ಇಂಥ ಕಾರ್ಡ್ ಆ ಯಂತ್ರದಲ್ಲಿ ಶುರುವಿನ ಪರದೆ ತೋರಿಸುವುದಿಲ್ಲ. ಲಾಗಿನ್ ಬರುವವರೆಗೆ ಸುಮ್ನೆ ಕಾಯಬೇಕು. ಅಂಗಡಿಯವನಿಗೆ ಇನ್ನೊಂದು ಫೋನ್ ಮಾಡಿದೆ. ಈಗ ಆ ಕ್ಯಾಬಿನೆಟ್ ಮೇಲೆ ನನ್ನ ಕೈಬರಹದ ಚೀಟಿ ಇದೆ: "ಪರದೆ ಕಪ್ಪಿದ್ರೆ ಎರಡು ನಿಮಿಷ ತಡೀರಿ, ಬಟನ್ ಒತ್ತಬ್ಯಾಡ್ರಿ."

ನಮ್ಮ ಕಡೆ ಹೊಸಬರು ಬಂದರೆ ಹಿರಿಯರು "ಯಾರ ಪೈಕಿ ನೀ?" ಅಂತ ಕೇಳ್ತಾರೆ. ಕೆಲವರು "ಏನ್ ಕೆಲಸ ಬರ್ತೈತಿ?" ಅಂತ ಕೇಳ್ತಾರೆ. ಓಎಸ್ ಕೂಡಿಸುವ ಇನ್‌ಸ್ಟಾಲರ್‌ಗಳಲ್ಲೂ ಈ ಎರಡು ಜಾತಿ.

2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂದಾಗ ಪವರ್ ಮ್ಯಾಕ್ 9500, 9600ರಂಥ ಯಂತ್ರಗಳಲ್ಲಿ ಪ್ರೊಸೆಸರ್ ಒಂದು ಕಾರ್ಡ್ ಮೇಲಿರುತ್ತಿತ್ತು. ಅದನ್ನು ಕಿತ್ತು ಸಾನೆಟ್‌ನಂಥ ಕಂಪನಿಯ ಜಿ3 ಕಾರ್ಡ್ ಹಾಕಿಕೊಂಡವರು ಬಹಳ. ಓಎಸ್‌ಗೆ ಕನಿಷ್ಠ ಬೇಕಾದದ್ದೂ ಜಿ3 ಪ್ರೊಸೆಸರೇ. ಆದರೂ ಆ್ಯಪಲ್ ಒಪ್ಪಲಿಲ್ಲ. ಹುಟ್ಟುವಾಗಲೇ ಜಿ3 ಅಥವಾ ಜಿ4 ಇದ್ದ ಯಂತ್ರಕ್ಕೆ ಮಾತ್ರ ಪ್ರವೇಶ. ಕೊನೆಗೆ ಎಕ್ಸ್‌ಪೋಸ್ಟ್‌ಫ್ಯಾಕ್ಟೋ ಎಂಬ ಹೊರಗಿನ ಸಾಫ್ಟ್‌ವೇರ್ ಹಿಂದಿನ ಬಾಗಿಲು ತೆರೆಯಿತು. 2007ರ ಮ್ಯಾಕ್ ಓಎಸ್ ಲೆಪರ್ಡ್ ಮಾತ್ರ ಇನ್ನೊಂದು ಜಾತಿ. ಕನಿಷ್ಠ ಜಿ4 ಪ್ರೊಸೆಸರ್, 867 ಮೆಗಾಹರ್ಟ್ಸ್ ವೇಗ ಇದೆಯಾ ಅಂತ ಅದು ಅಳೆಯುತ್ತಿತ್ತು. ಹಳೇ ಜಿ4 ಯಂತ್ರಕ್ಕೆ ಹೊರಗಿನ ವೇಗದ ಪ್ರೊಸೆಸರ್ ಕಾರ್ಡ್ ಹಾಕಿದ್ದರೂ ಸಾಮಾನ್ಯವಾಗಿ ಬಾಗಿಲು ತೆರೆಯುತ್ತಿತ್ತು. ನನ್ನ ಕೇಳಿದರೆ ಇದೇ ನ್ಯಾಯ.

ವಿಂಡೋಸ್ 11 ಶುದ್ಧ "ಯಾರ ಪೈಕಿ" ಜಾತಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದ ಮೇಲೆ ನನ್ನ ಅಂಗಡಿಯಲ್ಲಿ ಇದೇ ಮಾತು. ಉದ್ಯಮಬಾಗದ ಒಬ್ಬರು ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್ ಇರುವ ಕಂಪ್ಯೂಟರ್ ತಂದರು. ಡ್ರಾಯಿಂಗ್ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್, ಎಲ್ಲಾ ಹಾಕಿಸಿದ್ದರು. ಅದ್ಯಾವುದನ್ನೂ ಇನ್‌ಸ್ಟಾಲರ್ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಆಮೇಲಿನದು ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಟಿಪಿಎಂ ಚಿಪ್ಪನ್ನೇ ಬೇರೆ ತಂದು ಹಾಕೋಣ ಅಂದರು. ಬೋರ್ಡ್‌ನಲ್ಲಿ ಜಾಗ ಇದ್ದರೂ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲವಲ್ಲ. ಅಡ್ಡದಾರಿಗಳಿವೆ, ನಾನೂ ಒಂದೆರಡು ಕಡೆ ಮಾಡಿಕೊಟ್ಟಿದ್ದೇನೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತೆ ಅಂತ ಮೈಕ್ರೋಸಾಫ್ಟ್ ಖಾತ್ರಿ ಕೊಡುವುದಿಲ್ಲ. ಬಿಲ್ಲಿಂಗೂ ನಡೆಯುವ ಇಂಥ ಕಂಪ್ಯೂಟರ್‌ಗೆ ಮಾಡಲ್ಲ ಅಂದುಬಿಟ್ಟೆ.

ಅವರಿಗೆ ಹೇಳಿದ್ದು ಇಷ್ಟು: ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಕಳಚಿಕೊಳ್ಳಿ, ಎಂಟನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಯಂತ್ರ ನೋಡೋಣ. ರ‍್ಯಾಮ್ ಬಿಡಿ. ಅದು ಡಿಡಿಆರ್3, ಹೊಸ ಬೋರ್ಡ್‌ಗೆ ಸಾಮಾನ್ಯವಾಗಿ ಡಿಡಿಆರ್4 ಬೇಕು. ಇನ್ನೊಂದು ಮಾತು, ಆಫೀಸುಗಳಿಂದ ಬರುವ ಚಿಕ್ಕ ಕ್ಯಾಬಿನೆಟ್‌ಗಳಲ್ಲಿ ಪವರ್ ಸಪ್ಲೈ ಸಣ್ಣದು, ಕಾರ್ಡ್‌ಗೆ ಬೇಕಾದ ಆರು ಪಿನ್ ವೈರೇ ಇರೋದಿಲ್ಲ. "ಹಂಗಾರ ಮುಚ್ಚಳ ತೆಗೆದು ನೋಡೇ ತಗೋತೀನ್ರಿ" ಎಂದು, ನನ್ನ ಟೇಬಲ್ ಮೇಲಿದ್ದ ಸ್ಕ್ರೂಡ್ರೈವರನ್ನೇ ಜೇಬಿಗೆ ಹಾಕಿಕೊಂಡು ಹೋದರು.