ಕೋರ್ದೂ ಪಾದ್ರಿಯ ಪ್ರಶ್ನೆ, ಮತ್ತು ನಾನು ಎಡವಿದ ಜಾಗ

ಸಂಸ್ಕೃತ, ಗ್ರೀಕ್, ಲ್ಯಾಟಿನ್ ನೆಂಟರು ಅಂತ 18ನೇ ಶತಮಾನದಲ್ಲೇ ಹೇಳಿದ ಫ್ರೆಂಚ್ ಪಾದ್ರಿಯೊಬ್ಬರ ಕಥೆ ಇದು. ಮೊದಲು ಹೆಸರು. ಪುಸ್ತಕದಲ್ಲಿ ನೋಡಿ ಎರಡು ವಾರ ನಾನು "ಕೋಯರ್‌ಡಾಕ್ಸ್" ಅಂತಲೇ ಓದಿಕೊಂಡಿದ್ದೆ. ಕೊನೆಯ ಅಕ್ಷರವನ್ನು ಫ್ರೆಂಚರು ನುಂಗಿಬಿಡುತ್ತಾರೆ. ಹಾಗಾಗಿ ಹೆಚ್ಚುಕಡಿಮೆ ಕೋರ್ದೂ. ಪೂರ್ತಿ ಹೆಸರು ಗಾಸ್ತೋಂ ಲೋರಾಂ ಕೋರ್ದೂ.

ಬದುಕಿನ ವಿವರ ಬೇಗ ಮುಗಿಸುತ್ತೇನೆ. 1691ರಲ್ಲಿ ಫ್ರಾನ್ಸಿನ ಬೂರ್ಜ್ ಊರಲ್ಲಿ ಹುಟ್ಟಿದರು. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿ. 1732ರಲ್ಲಿ ಭಾರತಕ್ಕೆ ಬಂದರು, 1779ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡರು. ತೆಲುಗು ಚೆನ್ನಾಗಿ ಕಲಿತಿದ್ದರು. ತೆಲುಗು, ಫ್ರೆಂಚ್, ಸಂಸ್ಕೃತ ಮೂರೂ ಇರುವ ನಿಘಂಟು ಮಾಡಿದರು. ಇನ್ನೊಂದು ಮಜಾ ವಿಷಯ: 1742ರಲ್ಲಿ ಇಲ್ಲಿನ ಹತ್ತಿ ಬಟ್ಟೆಗೆ ಬಣ್ಣ ಹಾಕುವ ಬಗೆಯನ್ನು ಬಣ್ಣದ ಕೆಲಸದವರಿಂದಲೇ ಕೇಳಿ ತಿಳಿದು, ಹಂತಹಂತವಾಗಿ ಬರೆದು ಫ್ರಾನ್ಸಿಗೆ ಕಳಿಸಿದರು. ಕಸುಬಿನ ಗುಟ್ಟು ಹಾಗೇ ಹಡಗು ಹತ್ತಿತು!

ಈಗ ಅಸಲು ವಿಷಯ. 1767ರಲ್ಲಿ ಅವರು ಪ್ಯಾರಿಸ್ಸಿನ ಅಕಾಡೆಮಿಗೆ (ವಿದ್ವಾಂಸರ ಸಂಸ್ಥೆ), ಅಲ್ಲಿನ ವಿದ್ವಾಂಸ ಬಾರ್ತೆಲೆಮಿಯ ಮೂಲಕ, ಒಂದು ಪ್ರಶ್ನೆ ಕಳಿಸಿದರು. ಸಂಸ್ಕೃತದಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಜೊತೆ, ಅದರಲ್ಲೂ ಲ್ಯಾಟಿನ್ ಜೊತೆ, ಹೊಂದುವ ಪದಗಳು ಇಷ್ಟೊಂದು ಇವೆಯಲ್ಲ, ಇವು ಎಲ್ಲಿಂದ ಬಂದವು? ದಾನಂ ಅಂದರೆ ಲ್ಯಾಟಿನ್‌ನಲ್ಲಿ ದೋನುಂ. ವಿಧವಾ ಅಂದರೆ ವಿದುಆ. ಅಗ್ನಿ ಅಂದರೆ ಇಗ್ನಿಸ್. ವ್ಯಾಪಾರ, ಧರ್ಮ, ಪಂಡಿತರ ಒಡನಾಟ ಎಂಬ ಕಾರಣಗಳನ್ನು ಒಂದೊಂದಾಗಿ ತೂಗಿ, ಸಾಲದು ಅಂತ ಬದಿಗಿಟ್ಟರು. ಕೊನೆಗೆ ಮೂರೂ ಭಾಷೆಗೆ ಬೇರು ಒಂದೇ ಅಂದರು. ಆ ಬೇರನ್ನು ಮಾತ್ರ ಬೈಬಲ್ಲಿನ ನೋಹನ ಮಗ ಯಾಫೆತನ ವಂಶದಲ್ಲಿ ಹುಡುಕಿದರು. ಪಾದ್ರಿ ಅಲ್ವಾ.

ನಾನು ಬಿದ್ದದ್ದು ಇಲ್ಲೇ. ಅಣಕು ಪರೀಕ್ಷೆಯಲ್ಲಿ ಧೈರ್ಯವಾಗಿ ಬರೆದೆ: "ಕನ್ನಡದಲ್ಲೂ ದಾನ, ಅಗ್ನಿ, ವಿಧವೆ ಇವೆ. ಆದ್ದರಿಂದ ಕನ್ನಡವೂ ಲ್ಯಾಟಿನ್ನಿನ ನೆಂಟ." ಸೊನ್ನೆ ಬಂತು. ಸೊನ್ನೆ ಯಾಕೆ ಅನ್ನೋದು ತಲೆಗೆ ಹೋಗಲು ನಾಲ್ಕು ದಿನ ಬೇಕಾಯಿತು. ಅದಕ್ಕೇ ಇಲ್ಲಿ ಉದ್ದ ಬರೆಯುತ್ತಿದ್ದೇನೆ.

ಪದ ಸಾಲ ತರಬಹುದು; ಈ ಮೂರನ್ನೂ ಕನ್ನಡ ಸಂಸ್ಕೃತದಿಂದ ತಂದದ್ದು ಹಾಗೆಯೇ. ಹೆಣೆಯುವ ಬಗೆ ಅಷ್ಟು ಸುಲಭಕ್ಕೆ ಸಾಲ ಬರುವುದಿಲ್ಲ. ಶಾಲೆಯ ವೇದಿಕೆಯಲ್ಲಿ "ಪ್ರಥಮ ಬಹುಮಾನ, ದ್ವಿತೀಯ ಬಹುಮಾನ" ಅಂತ ಕೂಗುತ್ತಾರೆ. ಅದೇ ಮೇಷ್ಟ್ರು ಮನೆಗೆ ಹೋಗಿ ಹಿತ್ತಿಲಲ್ಲಿ ತೆಂಗಿನಕಾಯಿ ಎಣಿಸುವಾಗ? ಒಂದು, ಎರಡು, ಮೂರು. ಮದುವೆಯಲ್ಲಿ ಸಪ್ತಪದಿ ಅಂತೀವಿ, ಆದರೆ ತುಳಿಯೋದು ಏಳು ಹೆಜ್ಜೆ. ಇನ್ನೂ ಹತ್ತಿರ ನೋಡಿ. "ಅಗ್ನಿಯಲ್ಲಿ" ಅಂದಾಗ ಅಗ್ನಿ ಸಂಸ್ಕೃತದ್ದು, "ಅಲ್ಲಿ" ನಮ್ಮದು. "ಬಸ್ಸಲ್ಲಿ" ಅಂದಾಗಲೂ ಅಷ್ಟೇ. ಬಸ್ ಹತ್ತಿದ ಮಾತ್ರಕ್ಕೆ ಕನ್ನಡ ಇಂಗ್ಲಿಷಿನ ತಂಗಿ ಆಗಲಿಲ್ಲವಲ್ಲ.

ಈಗ ಇದನ್ನೇ ಸಂಸ್ಕೃತ ಮತ್ತು ಲ್ಯಾಟಿನ್‌ಗೆ ಹಚ್ಚಿ. ಕೋರ್ದೂ "ಇರು" ಎಂಬ ಕ್ರಿಯಾಪದವನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರು. ಸಂಸ್ಕೃತದಲ್ಲಿ ಅಸ್ಮಿ, ಅಸಿ, ಅಸ್ತಿ. ಲ್ಯಾಟಿನ್‌ನಲ್ಲಿ ಸುಮ್, ಎಸ್, ಎಸ್ತ್. "ಅವರು ಇದ್ದಾರೆ" ಅನ್ನೋದಕ್ಕೆ ಸಂಸ್ಕೃತದಲ್ಲಿ ಸಂತಿ, ಲ್ಯಾಟಿನ್‌ನಲ್ಲಿ ಸುಂತ್. ನಾವೋ, ಇದ್ದೇನೆ, ಇದ್ದೀಯ, ಇದ್ದಾನೆ. ಈ ಒಂದು ಸಾಲು ಬಾಯಿಪಾಠ ಮಾಡಿ, ಸಾಕು. ಸಾಲ ತಂದ ಪದ ಯಾವುದು, ರಕ್ತಸಂಬಂಧ ಯಾವುದು ಅಂತ ಇಲ್ಲಿ ಕಾಣುತ್ತದೆ. ತೆಲುಗಿನ ಕಥೆಯೂ ನಮ್ಮದೇ: ಸಂಸ್ಕೃತದ ಪದ ರಾಶಿ ರಾಶಿ, ಎಣಿಕೆ ಮಾತ್ರ ಒಕಟಿ, ರೆಂಡು, ಮೂಡು. ದಕ್ಷಿಣದ ಭಾಷೆಗಳದು ಬೇರೆಯೇ ಕುಟುಂಬ ಅಂತ 1816ರಲ್ಲಿ ಮದ್ರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ಅಚ್ಚಿನಲ್ಲಿ ತೋರಿಸಿದರು.

ಒಂದು ಅಡ್ಡದಾರಿ ಹೇಳಿಕೊಡುತ್ತೇನೆ. ಇದು ಕೋರ್ದೂ ಕಾಲದ್ದಲ್ಲ, ಆಮೇಲಿನವರು ಕಂಡುಕೊಂಡ ಧ್ವನಿನಿಯಮದ್ದು. ಸಂಸ್ಕೃತದ ಶ ಬಂದ ಕಡೆ ಲ್ಯಾಟಿನ್‌ನಲ್ಲಿ ಕ ಹುಡುಕಿ. ದಶ, ದೆಕೆಮ್. ಶತಂ, ಕೆಂತುಮ್. ಶ್ವಾನ, ಕನಿಸ್. ಪೊಲೀಸ್ ಶ್ವಾನದಳ ಕಂಡಾಗೆಲ್ಲ ನನಗೀಗ ಕನಿಸ್ ನೆನಪಾಗುತ್ತದೆ. ಆದರೆ ಮಾವ ಎಂಬರ್ಥದ ಶ್ವಶುರದಲ್ಲಿ ಹುಷಾರು. ಲ್ಯಾಟಿನ್‌ನಲ್ಲಿ ಅದು ಸೊಕೆರ್. ಎರಡನೇ ಶ ನಿಯಮದಂತೆ ಕ ಆಗಿದೆ, ಮೊದಲನೆಯದು ಆಗಿಲ್ಲ. ಅದು ಮೂಲದಲ್ಲಿ ಸ ಆಗಿತ್ತು. ಪಕ್ಕದ ಶ ನೋಡಿ ಸಂಸ್ಕೃತದಲ್ಲಿ ಅದೂ ಶ ಆಯಿತು. ಇನ್ನೊಂದು ಗುಂಡಿ: ದೇವ ಮತ್ತು ಲ್ಯಾಟಿನ್ನಿನ ದೇಉಸ್ ನೆಂಟರು. ಗ್ರೀಕಿನ ಥೆಓಸ್ ಅರ್ಥ ಅದೇ ಆದರೂ ನೆಂಟನಲ್ಲ. ಸದ್ದು ಹತ್ತಿರ ಇದೆ ಅಂತ ಸುಮ್ನೆ ಸೇರಿಸಬೇಡಿ.

ಇಸವಿಗಳಲ್ಲೂ ಗೊಂದಲ ಜಾಸ್ತಿ. ಬರೆದದ್ದು 1767. ಅಕಾಡೆಮಿಯ ಸಂಪುಟದಲ್ಲಿ ಅಚ್ಚಾದದ್ದು 1808. ನಡುವೆ 1786ರಲ್ಲಿ ಕಲ್ಕತ್ತೆಯಲ್ಲಿ ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಇದೇ ಬಗೆಯ ಮಾತು ಆಡಿ ಹೆಸರು ಮಾಡಿದರು. 41 ವರ್ಷ ಕಾಗದ ಪ್ಯಾರಿಸ್ಸಿನಲ್ಲೇ ಕೂತಿತ್ತು.

ಇನ್ನು ನಮ್ಮ ಮೈಸೂರಿನ ನಂಟು. ಶ್ರೀರಂಗಪಟ್ಟಣದ ಕಡೆ ಇದ್ದ ಫ್ರೆಂಚ್ ಪಾದ್ರಿ ದ್ಯುಬ್ವಾ ಗೊತ್ತಲ್ಲ, ಹಿಂದೂಗಳ ಆಚಾರ ವಿಚಾರದ ಮೇಲೆ ದಪ್ಪ ಪುಸ್ತಕ ಬರೆದವರು. ಅದರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ (ಬ್ರಿಟಿಷರ ಪ್ರತಿನಿಧಿ) ವಿಲ್ಕ್ಸ್ ಮೂಲಕ ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಇಂಗ್ಲಿಷಿನಲ್ಲಿ 1816ರಲ್ಲಿ ಬಂತು. 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ಸಂಶೋಧಕಿ ಹಳೆಯ ಹಸ್ತಪ್ರತಿಯೊಂದನ್ನು ಎದುರಿಗಿಟ್ಟು ತೋರಿಸಿದರು: ಪುಸ್ತಕದ ದೊಡ್ಡ ಪಾಲು ಕೋರ್ದೂ ಬರೆದಿಟ್ಟಿದ್ದರಿಂದಲೇ ಎತ್ತಿದ್ದು. ಹಾಗಾಗಿ ಆ ಪುಸ್ತಕದಲ್ಲಿ "ಇಲ್ಲಿಯ ಜನ ಹೀಗೆ ಮಾಡುತ್ತಾರೆ" ಅಂತ ಬಂದಾಗ, ಆ "ಇಲ್ಲಿ" ಟಿಪ್ಪುವಿನ ನಂತರದ ಶ್ರೀರಂಗಪಟ್ಟಣವೋ, ಅದಕ್ಕೂ ಎಷ್ಟೋ ವರ್ಷ ಹಿಂದಿನ ತೆಲುಗು ಹಳ್ಳಿಯೋ ಅಂತ ನಾನೀಗ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಪ್ರಶ್ನೆ ಗುರುತು ಹಾಕುತ್ತಿದ್ದೇನೆ.