ಸಿ ಭಾಷೆಯಲ್ಲಿ ಫೈಲ್: ತೆರೆಯುವಾಗಲೇ ಆಗುವ ಎಡವಟ್ಟುಗಳು

ಫೈಲ್ ತೆರೆಯುವ ಫಂಕ್ಷನ್ ಎಫ್‌ಓಪನ್ (fopen). ಅದಕ್ಕೆ ಕೊಡಬೇಕಾದದ್ದು ಎರಡೇ: ಫೈಲ್ ಹೆಸರು ಮತ್ತು ಮೋಡ್. ಹೊಸಬರು ಕೈ ಸುಟ್ಟುಕೊಳ್ಳುವುದು ಈ ಮೋಡ್‌ನಲ್ಲಿ. "ಆರ್" ಓದಲು, "ಎ" ಕೊನೆಗೆ ಸೇರಿಸಲು. "ಡಬ್ಲ್ಯು" ಕೊಟ್ಟಿರೋ, ಒಂದಕ್ಷರ ಬರೆಯುವ ಮೊದಲೇ ಹಳೆಯದೆಲ್ಲ ಖಾಲಿ. ಇರುವ ಫೈಲನ್ನು ಮುಟ್ಟಬಾರದು ಎಂದಾದರೆ 2011ರ ಸಿ ಮಾನದಂಡದಲ್ಲಿ ಬಂದ "ಡಬ್ಲ್ಯುಎಕ್ಸ್" ಬಳಸಿ; ಅದೇ ಹೆಸರಿನ ಫೈಲ್ ಇದ್ದರೆ ಎಫ್‌ಓಪನ್ ತೆರೆಯದೆ ನಲ್ (ಏನೂ ಸಿಗಲಿಲ್ಲ ಎಂಬ ಗುರುತು) ಕೊಡುತ್ತದೆ.

ನಲ್ ಬಂತೇ ಎಂದು ನೋಡದೆ ಮುಂದೆ ಹೋಗಬೇಡಿ. ಬಂದಿದ್ದರೆ ಪಿಎರರ್ ಕರೆಯಿರಿ, ಕಾರಣ ತೆರೆಯ ಮೇಲೆ ಬರುತ್ತದೆ. "ಫೈಲ್ ಅಲ್ಲೇ ಇದೆಯಲ್ಲ!" ಎನಿಸಿದರೆ ಪ್ರೋಗ್ರಾಮ್ ಯಾವ ಫೋಲ್ಡರ್‌ನಿಂದ ಓಡುತ್ತಿದೆ ನೋಡಿ. ಎಡಿಟರ್‌ನ ರನ್ ಬಟನ್ ಒತ್ತಿದಾಗ ಅದು ಕೋಡ್ ಇರುವ ಫೋಲ್ಡರೇ ಆಗಿರಬೇಕೆಂದಿಲ್ಲ.

ಇನ್ನು ಓದುವುದು. ಲ್ಯಾಬ್ ರೆಕಾರ್ಡ್‌ಗಳಲ್ಲಿ ವೈಲ್ ಲೂಪ್‌ನ ಷರತ್ತಿಗೆ, ಫೈಲ್ ಮುಗಿಯಿತೇ ಎಂದು ಹೇಳುವ ಎಫ್‌ಇಒಎಫ್ (feof) ಹಾಕುವ ಅಭ್ಯಾಸವಿದೆ. ಬಿಟ್ಟುಬಿಡಿ. ಎಫ್‌ಇಒಎಫ್ ನಿಜವಾಗುವುದು ಫೈಲ್ ಮುಗಿಯಲಿದೆ ಎಂದಾಗಲ್ಲ, ಓದಲು ಹೋಗಿ ಕೊನೆಯನ್ನು ಮುಟ್ಟಿದ ಮೇಲೆ. ಕೊನೆಯ ಸಾಲು ಓದಿದಾಗ ಅದು ಇನ್ನೂ ಸುಳ್ಳೇ. ಲೂಪ್ ಇನ್ನೊಮ್ಮೆ ಸುತ್ತುತ್ತದೆ, ಸಾಲು ಓದುವ ಎಫ್‌ಗೆಟ್ಸ್‌ಗೆ (fgets) ಏನೂ ಸಿಗುವುದಿಲ್ಲ, ಅರೇಯಲ್ಲಿ ಉಳಿದ ಹಳೆಯ ಸಾಲೇ ಮತ್ತೆ ಪ್ರಿಂಟ್ ಆಗುತ್ತದೆ. ಕೊನೆಯ ಸಾಲಿನ ನಂತರ ಎಂಟರ್ ಒತ್ತದೆ ಉಳಿಸಿದ ಫೈಲ್‌ನಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ, ಹಾಗಾಗಿ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಎಫ್‌ಗೆಟ್ಸ್ ಕರೆಯನ್ನೇ ಷರತ್ತಾಗಿಡಿ. ನಲ್ ಬಂದಾಗ ಲೂಪ್ ತಾನಾಗಿ ನಿಲ್ಲುತ್ತದೆ. ನಿಂತದ್ದು ಫೈಲ್ ಮುಗಿದು ನಿಂತಿತೋ ದೋಷದಿಂದಲೋ ಎಂದು ತಿಳಿಯಲು ಆಮೇಲೆ ಎಫ್‌ಎರರ್ ಕೇಳಿ.

ಒಂದೊಂದೇ ಬೈಟ್ ಓದುವ ಎಫ್‌ಗೆಟ್‌ಸಿ ಬಳಸಿದರೆ ಉತ್ತರ ಹಿಡಿಯಲು ಇಂಟ್ ಬೇಕು, ಚಾರ್ ಅಲ್ಲ. ಚಾರ್ ಋಣ ಸಂಖ್ಯೆ ಹಿಡಿಯದ ಯಂತ್ರಗಳಲ್ಲಿ ಫೈಲ್ ಮುಗಿದಾಗ ಬರುವ ಇಒಎಫ್ ಎಂಬ ಋಣ ಸಂಖ್ಯೆಯ ಗುರುತೇ ಸಿಗದೆ ಲೂಪ್ ಮುಗಿಯುವುದಿಲ್ಲ.

ಕನ್ನಡ ಪಠ್ಯಕ್ಕೆ ಇನ್ನೊಂದು ಲೆಕ್ಕ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ "ಕನ್ನಡ" ಎಂದರೆ 15 ಬೈಟ್: ಕ, ನ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರದ ಗುರುತು (್), ನ, ಡ, ತಲಾ 3. ಸಾಲು ಮುರಿಯುವ ಗುರುತು ಒಂದು, ಸ್ಟ್ರಿಂಗ್ ಮುಗಿಯಿತೆಂದು ಹೇಳುವ ಕೊನೆಯ ಸೊನ್ನೆ ಒಂದು, ಒಟ್ಟು 17. ಅರೇ 12 ಬೈಟ್‌ನದಾದರೆ ಎಫ್‌ಗೆಟ್ಸ್ 11 ಓದಿ ಎರಡನೆಯ "ನ"ವನ್ನು ನಡುವೆಯೇ ತುಂಡರಿಸುತ್ತದೆ. ಸಾಲಿಗೆ 1024 ಬೈಟ್ ಇಟ್ಟರೆ ಸಾಮಾನ್ಯ ಕೆಲಸಕ್ಕೆ ಧಾರಾಳ.

ಎಫ್‌ಪ್ರಿಂಟ್‌ಎಫ್ ಬರೆದದ್ದು ಮೊದಲು ಬಫರ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗ) ಇರುತ್ತದೆ. ಪ್ರೋಗ್ರಾಮ್ ನಡುವೆ ಕ್ರ್ಯಾಶ್ ಆದರೆ ಅದು ಫೈಲ್‌ಗೆ ಸೇರದೇ ಹೋಗಬಹುದು. ಎಫ್‌ಕ್ಲೋಸ್ ಆ ಬಫರ್‌ನಲ್ಲಿರುವುದನ್ನು ಫೈಲ್‌ಗೆ ಬರೆದು ಖಾಲಿ ಮಾಡುತ್ತದೆ. ಡಿಸ್ಕ್ ತುಂಬಿರುವುದು ಎಷ್ಟೋ ಸಲ ಗೊತ್ತಾಗುವುದೂ ಅಲ್ಲೇ. ಎಫ್‌ಕ್ಲೋಸ್ 0 ಕೊಡದೆ ಇಒಎಫ್ ಕೊಟ್ಟರೆ "ಉಳಿಸಲಾಗಿದೆ" ಎಂದು ಬಳಕೆದಾರರಿಗೆ ತೋರಿಸಬೇಡಿ.